ಗೂಢಚಾರಿ ಚಂಡಮಾರುತರ ಎಡಗೈ

ಶ್ರೀ ಗೂಢಚಾರಿ ಚಂಡಮಾರುತ ಅವರಿಗೆ,
‘ಹಾಂಗ್‌ಕಾಂಗಿನಲ್ಲಿ ಹೊಂಚು’ ಎಂಬ ಹಳೆಯ ಚಿತ್ರಕಥಾ ಸಂಚಿಕೆ,
ಹದಿನಾಲ್ಕನೆಯ ಪುಟ, ಕೆಳಗಿನ ದೊಡ್ಡ ಚಿತ್ರ.

ಮಾನ್ಯರೇ,

ಹುಬ್ಬಳ್ಳಿಯ ಕೇಶ್ವಾಪುರದಲ್ಲಿ ನಲ್ಲಿ, ಪೈಪು, ವಾಷರುಗಳ ವ್ಯಾಪಾರ ಮಾಡಿಕೊಂಡಿರುವ ಅಮರೇಶ ಅಂಗಡಿ ಎಂಬ ತಮ್ಮ ಹಳೆಯ ಶಿಷ್ಯನ ಸಾಷ್ಟಾಂಗ ನಮಸ್ಕಾರಗಳು. ಸಾಷ್ಟಾಂಗ ಎಂದು ಬರೆದದ್ದು ಮರ್ಯಾದೆಗಷ್ಟೇ. ನನ್ನ ಮೊಣಕಾಲು ಈಗ ಅಷ್ಟು ಬಗ್ಗುವುದಿಲ್ಲ, ಅದಕ್ಕೂ ತಾವೇ ಕಾರಣರೆಂಬುದನ್ನು ಮುಂದೆ ವಿನಯದಿಂದ ನಿವೇದಿಸಿಕೊಳ್ಳಲಿದ್ದೇನೆ. ತಾವು ಎಂದಿನಂತೆ ಕಪ್ಪು ಕನ್ನಡಕ ಧರಿಸಿ, ಒಂದು ಕಾಲನ್ನು ಆಕಾಶಕ್ಕೆತ್ತಿ, ಅದನ್ನು ಇಳಿಸುವ ಅಗತ್ಯವಿಲ್ಲದೆ ಕ್ಷೇಮವಾಗಿದ್ದೀರೆಂದು ನಂಬಿದ್ದೇನೆ.

ನಾನು ಐದನೆಯ ಇಯತ್ತೆಯಲ್ಲಿದ್ದಾಗ ತಾವು ನಮ್ಮ ಮನೆಗೆ ದಯಮಾಡಿಸಿದಿರಿ. ಹಾಂಗ್‌ಕಾಂಗಿನ ಹೋಟೆಲೊಂದರ ಮಾಳಿಗೆಯ ಮೇಲೆ ಶತ್ರು ದೇಶದ ಬೇಹುಗಾರನನ್ನು ತಾವು ಒದೆಯುವ ಆ ಚಿತ್ರವನ್ನು ನಾನು ನೋಡಿದಷ್ಟು ಸಲ ನನ್ನ ಪಾಠಪುಸ್ತಕವನ್ನು ನೋಡಿದ್ದರೆ ಇಂದು ವಾಷರು ಮಾರುತ್ತಿರಲಿಲ್ಲ. ತಮ್ಮ ಬಲಮುಷ್ಟಿ ಮುಂದಿತ್ತು, ಬಲಗಾಲು ಮೇಲಿತ್ತು, ಬಾಯಿಯಿಂದ “ಈ ಒದೆ ತಿಂದವನು ಮತ್ತೆ ಏಳುವುದಿಲ್ಲ, ನೆನಪಿರಲಿ ದೇಶದ್ರೋಹಿ, ಇದು ಚಂಡಮಾರುತನ ಶಪಥ” ಎಂಬ ಘೋಷಣೆ ಬೇಹುಗಾರನಿಗಿಂತ ದೊಡ್ಡದಾದ ಬಿಳಿಯ ಗುಳ್ಳೆಯೊಳಗೆ ಹೊರಟಿತ್ತು. ಎಡಗೈ ಮಾತ್ರ ಕಾಣುತ್ತಿರಲಿಲ್ಲ. ಅದನ್ನು ತಾವು ಕೆಳಗೆ ಜೋತು ಬಿಟ್ಟಿರಬೇಕು, ಅದೇ ಒದೆಯ ಗುಟ್ಟಿರಬೇಕು ಎಂದು ನಾನೇ ತರ್ಕಿಸಿ, ಹಿತ್ತಲ ಕೋಣೆಯ ಜೋಳದ ಚೀಲಗಳ ಮೇಲೆ ಅಭ್ಯಾಸ ಶುರುಮಾಡಿದೆ. ಚೀಲಗಳು ಮತ್ತೆ ಮತ್ತೆ ಎದ್ದು ನಿಂತವು, ನನ್ನ ಮೊಣಕಾಲು ಏಳಲಿಲ್ಲ. ಆಮೇಲೆ ನಮ್ಮವ್ವ ರತ್ನವ್ವ ತಮ್ಮನ್ನು ಬಚ್ಚಲ ಒಲೆಗೆ ಹಾಕಿ ನೀರು ಕಾಯಿಸಿದಳು, ಆ ನೀರಿನಲ್ಲೇ ನಾನು ಅತ್ತುಕೊಂಡು ಸ್ನಾನ ಮಾಡಿದೆ.

ಆದರೆ ವಿದ್ಯೆ ಸುಟ್ಟು ಹೋಗುವಂಥದ್ದಲ್ಲ. ನನ್ನ ಮಗಳು ಕಾವೇರಿಗೆ ಐದು ವರ್ಷ ತುಂಬುತ್ತಲೇ ಮಾಳಿಗೆಗೆ ಕರೆದೊಯ್ದು, ಎಡಗೈ ಜೋತು ಬಿಟ್ಟು ಒದೆಯುವ ತಮ್ಮ ಪದ್ಧತಿಯನ್ನು ಧಾರೆ ಎರೆದೆ. ಅವಳೀಗ ಹತ್ತನೆಯ ಇಯತ್ತೆ, ಉಣಕಲ್ಲಿನಲ್ಲಿ ಹುಲಗೇಶ ಸರ್ ಎಂಬ ತರುಣರ ಬಳಿ ನಿಜವಾದ ಕರಾಟೆ ಕಲಿಯುತ್ತಾಳೆ, ನನಗಿಂತ ಚೆನ್ನಾಗಿ ಒದೆಯುತ್ತಾಳೆ ಎಂದರೆ ಹೊಗಳಿಕೆಯಾಗುವುದಿಲ್ಲ, ನಮ್ಮ ಸ್ಕೂಟರು ಕೂಡ ನನಗಿಂತ ಚೆನ್ನಾಗಿ ಒದೆಯುತ್ತದೆ. ಹೋದ ಪಂದ್ಯದಲ್ಲಿ ಅವಳು ಎಡ ಪಕ್ಕೆಗೆ ಏಟು ತಿಂದು ಸೋತಳು. ಹುಲಗೇಶ ಸರ್ ನನ್ನನ್ನು ಕರೆದು, “ಎಡಗೈ ನೋಡ್ರಿ ಸಾಹೇಬ್ರ, ಒದಿಯೂ ಮುಂದ ಜೋತು ಬೀಳತೈತಿ. ಯಾವ ಪುಣ್ಯಾತ್ಮ ಕಲಿಸ್ಯಾನೋ ಏನೋ. ಇದು ಸರಿ ಆಗಲಿಲ್ಲಂದ್ರ ದಸರಾ ಮುಗದ ಮ್ಯಾಲಿನ ಜಿಲ್ಲಾ ಪಂದ್ಯಕ್ಕ ನಾ ಕಳಸೂದಿಲ್ರಿ, ಹುಡುಗಿ ಪಕ್ಕೆಲುಬು ಮುರಕೋತಾಳ” ಅಂದರು.

ಆ ಪುಣ್ಯಾತ್ಮ ಸುಮ್ಮನಿರಬೇಕಿತ್ತು. ಬದಲಿಗೆ ಅಷ್ಟೂ ಪಾಲಕರ ಎದುರು ಎದ್ದು ನಿಂತು, ಇದು ದೊಡ್ಡ ಪರಂಪರೆಯ ಪಟ್ಟು, ಪುರಾವೆ ತೋರಿಸುತ್ತೇನೆ, ತೋರಿಸಿದ ಮೇಲೂ ಒಪ್ಪದಿದ್ದರೆ ಮಗಳನ್ನು ಈ ತರಗತಿಯಿಂದಲೇ ಬಿಡಿಸುತ್ತೇನೆ ಎಂದು ಸಾರಿದೆ. ಉಣಕಲ್ಲಿನಿಂದ ಕೇಶ್ವಾಪುರದವರೆಗೆ ಸ್ಕೂಟರಿನ ಹಿಂದೆ ಕುಳಿತ ಕಾವೇರಿ ಕೈಗವಸುಗಳನ್ನು ಮಡಿಲಲ್ಲಿ ಹಿಡಿದುಕೊಂಡೇ ಬಂದಳು. ಮನೆಯ ಮುಂದೆ ಇಳಿದು, “ನನಗ ಆಡೂದೈತಿ ಅಪ್ಪಾ” ಎಂದಷ್ಟೇ ಹೇಳಿ ಒಳಗೆ ಹೋದಳು. ಅದು ನನಗೆ ಬಹಳ ನಾಟಿತು, ಆದರೆ ನಾನು ಪರಂಪರೆಯ ಮನುಷ್ಯ.

ಹೀಗಾಗಿ ಪುಣೆಯ ಸಂಗ್ರಾಹಕರೊಬ್ಬರನ್ನು ಹಿಡಿದು ತಮ್ಮನ್ನು ತರಿಸಿದೆ. ತಾವು ದಪ್ಪ ಪ್ಲಾಸ್ಟಿಕ್ಕಿನೊಳಗೆ ಮೊಹರಾಗಿ ಬಂದಿರಿ. ಮೊಹರು ಒಡೆದರೆ ತಮ್ಮ ಬೆಲೆ ಹೋಗುತ್ತದೆ, ಕೈ ತಾಗಿಸಲೇಬಾರದು ಎಂದು ಅವರು ಮೂರು ಭಾಷೆಗಳಲ್ಲಿ ಎಚ್ಚರಿಸಿದ್ದರು. ಒಳಗಿನ ಹದಿನಾಲ್ಕನೆಯ ಪುಟವನ್ನು ಹೊರಗಿನಿಂದ ತೋರಿಸುವುದು ಹೇಗೆಂಬ ಯೋಚನೆ ಮಾತ್ರ, ತಮ್ಮ ಶಿಷ್ಯನಿಗೆ ಒಪ್ಪುವಂತೆ, ದುಡ್ಡು ಕಳಿಸಿದ ಮೇಲೆ ಬಂತು.

ತಾವು ಬಂದ ಮಾರನೆಯ ದಿನ ಮಹಾನವಮಿಯ ಖಂಡೇ ಪೂಜೆ. ನಮ್ಮ ಮನೆಯಲ್ಲಿ ಅಂದು ತಕ್ಕಡಿ, ನಲ್ಲಿ ಬಿಗಿಯುವ ಪಾನಾ, ಸ್ಕೂಟರು, ಯಾರು ಯಾವುದರಿಂದ ಬದುಕುತ್ತಾರೋ ಅದೆಲ್ಲ ಪೂಜೆಗೆ ಕೂಡುತ್ತದೆ. ಕಾವೇರಿ ತನ್ನ ಕೈಗವಸುಗಳನ್ನು ಇಟ್ಟಳು. ನಾನು ಅಂಗಡಿಯ ಪೂಜೆ ಮುಗಿಸಿ ಬರುವಷ್ಟರಲ್ಲಿ ನನ್ನ ಹೆಂಡತಿ ದಾಕ್ಷಾಯಿಣಿ, ಗಂಡನ ಆಯುಧ ಯಾವುದೆಂದು ಹದಿನೆಂಟು ವರ್ಷ ಕೇಳಿ ಕೇಳಿ ಕಿವಿ ತುಂಬಿದ್ದರಿಂದ, ತಮ್ಮನ್ನು ತಕ್ಕಡಿಯ ಪಕ್ಕ ಕೂಡ್ರಿಸಿ, ಮುಖಪುಟದಲ್ಲಿ ತಮ್ಮ ಹಣೆಗೆ ಅಡ್ಡಡ್ಡ ಮೂರು ಬೆರಳು ವಿಭೂತಿ ಎಳೆದು, ನೆತ್ತಿಗೊಂದು ಚೆಂಡುಹೂವಿಟ್ಟು, ಕಾಯಿ ಒಡೆದ ನೀರನ್ನು ಚಿಮುಕಿಸಿದ್ದರು. ಪ್ಲಾಸ್ಟಿಕ್ಕು ಎಲ್ಲಿ ಎಂದು ಕೇಳಿದ್ದಕ್ಕೆ, “ಅದಕ್ಕ ಈಬತ್ತಿ ನಿಂದರೂದಿಲ್ಲರಿ, ಕತ್ತರಿಸಿ ಒಗದೆ” ಅಂದರು. ಪೂಜೆಗೆ ಕೂಡಿಸಿದ್ದನ್ನು ದಶಮಿಯವರೆಗೆ ಮುಟ್ಟುವಂತಿಲ್ಲ. ದೂರದಿಂದಲೇ ತಮ್ಮನ್ನು ನೋಡುತ್ತ ಕುಳಿತೆ. ಕಪ್ಪು ಕನ್ನಡಕದ ಮೇಲೆ ವಿಭೂತಿ ಧರಿಸಿ ತಾವು ಥೇಟ್ ನಮ್ಮ ಮಾವನವರಂತೆ ಕಾಣುತ್ತಿದ್ದಿರಿ.

ದಶಮಿಯ ಸಂಜೆ ಬನ್ನಿ ಕೊಡಲು ಬಂದವರು ಹುಲಗೇಶ ಸರ್. ಜಗಳವಾಡಿದವರ ಮನೆಗೂ ಬನ್ನಿ ಹಿಡಿದು ಹೋಗುವುದು ನಮ್ಮ ಕಡೆಯ ಪದ್ಧತಿ. “ಬನ್ನಿ ತೊಗೊಂಡು ಬಂಗಾರದಂಗ ಇರೋಣ್ರಿ” ಎಂದು ಅವರು ಬಾಗಿದರು, ನಾನು ಎಲೆ ತೆಗೆದುಕೊಂಡ ಕೈಯಲ್ಲೇ ತಮ್ಮನ್ನೆತ್ತಿ ಹದಿನಾಲ್ಕನೆಯ ಪುಟ ಬಿಚ್ಚಿ ಅವರ ಮೂಗಿನ ಕೆಳಗೆ ಹಿಡಿದೆ. ಅವರು ಮರ್ಯಾದಸ್ಥರು, ಘೋಷಣೆಯನ್ನು ಪೂರ್ತಿ ಓದಿದರು. ಕಾವೇರಿ ಬಗ್ಗಿ ನೋಡಿದಳು. ಘೋಷಣೆಯ ಬಿಳಿಯ ಗುಳ್ಳೆಯ ಮೇಲಂಚಿನಲ್ಲಿ ನಾಲ್ಕು ಸಣ್ಣ ಉಬ್ಬುಗಳಿದ್ದವು, ಐದನೆಯ ಇಯತ್ತೆಯ ನಾನು ಅವನ್ನು ಮೋಡವೆಂದು ತಿಳಿದಿದ್ದೆ. ಅವಳು ಅವುಗಳ ಮೇಲೆ ಬೆರಳಿಟ್ಟಳು.

“ಅಪ್ಪಾ, ಕೈ ಮ್ಯಾಲೇ ಐತಿ. ಮಾತಿನ ಹಿಂದ ಐತಿ.”

ಅದು ತಮ್ಮ ಮುಷ್ಟಿಯ ಗೆಣ್ಣುಗಳೇ ಆಗಿದ್ದವು, ಮಾನ್ಯರೇ. ತಾವು ಎಡಗೈಯನ್ನು ಎದೆಯ ಮುಂದೆ, ಶಾಸ್ತ್ರೋಕ್ತವಾಗಿ, ಹುಲಗೇಶ ಸರ್ ಹೇಳುವ ಜಾಗದಲ್ಲೇ ಹಿಡಿದಿದ್ದಿರಿ, ಅದರ ಮೇಲೆ ತಮ್ಮದೇ ಮಾತನ್ನು ಮುಚ್ಚಿಕೊಂಡಿದ್ದಿರಿ. ನನಗೆ ನಾಚಿಕೆಯಾಯಿತು. ಮಗಳ ಪಕ್ಕೆಗೆ ಬಿದ್ದ ಏಟು ನನ್ನದೆಂದು ಆಗ ಗೊತ್ತಾಯಿತು, ಪುಟ ಮಡಚಿ ತಮ್ಮನ್ನು ಮತ್ತೆ ತಕ್ಕಡಿಯ ಪಕ್ಕ ಇಟ್ಟೆ. ಹುಲಗೇಶ ಸರ್, “ನಾಳಿಂದ ಮುಂಜಾನೆ ಲಗೂ ಬಾರವ್ವ” ಎಂದು ಕಾವೇರಿಗೆ ಹೇಳಿ ಚಹಾ ಕುಡಿದು ಹೋದರು.

ಆದ್ದರಿಂದ ತಮ್ಮಲ್ಲಿ ನನ್ನ ಬಿನ್ನಹ: ತಾವು ಕೂಡಲೇ ಹಾಂಗ್‌ಕಾಂಗಿಗೆ ಹಿಂದಿರುಗಿ, ಅದೇ ಮಾಳಿಗೆಯನ್ನೇರಿ, ಅದೇ ಬೇಹುಗಾರನನ್ನು ಮತ್ತೊಮ್ಮೆ ನಿಲ್ಲಲು ಕೇಳಿಕೊಂಡು, ಈ ಸಲ ಬಾಯಿ ಮುಚ್ಚಿಕೊಂಡು ಒದೆಯಬೇಕು. ಶಪಥ ಮಾಡಲೇಬೇಕೆನಿಸಿದರೆ ಮೊದಲೇ ಹೋಟೆಲಿನ ಕೋಣೆಯಲ್ಲಿ ಮಾಡಿ ಮುಗಿಸಿ ಬರಬಹುದು.

ಜಿಲ್ಲಾ ಪಂದ್ಯ ಮೊನ್ನೆ ಧಾರವಾಡದಲ್ಲಿ ನಡೆಯಿತು. “ಬಾ ಅಪ್ಪಾ, ಆದ್ರ ಬಾಯಿ ತೆಗಿಬ್ಯಾಡ” ಎಂಬ ಕರಾರಿನ ಮೇಲೆ ನನಗೆ ಪ್ರವೇಶ ಸಿಕ್ಕಿತ್ತು. ಕರವಸ್ತ್ರ ಕಚ್ಚಿಕೊಂಡು ಕುಳಿತೆ. ಕಲಘಟಗಿಯ ಹುಡುಗಿಯ ಕಾಲು ಹೋದ ಸಲದಂತೆಯೇ ಎಡ ಪಕ್ಕೆಗೆ ಬಂತು. ಕಾವೇರಿಯ ಎಡಗೈ ಅಲ್ಲೇ ಇತ್ತು. ಆ ಸುತ್ತು ಗೆದ್ದಳು, ಮುಂದಿನದರಲ್ಲಿ ಸೋತಳು, ಕೈ ಮಾತ್ರ ಕೊನೆಯವರೆಗೂ ಇಳಿಯಲಿಲ್ಲ. ಅಂಕಣದಿಂದ ಹೊರಬರುತ್ತ ಜನರ ನಡುವೆ ನನ್ನನ್ನು ಹುಡುಕಿ ಆ ಎಡಗೈಯನ್ನೇ ಎತ್ತಿ ತೋರಿಸಿದಳು. ನಾನೂ ನನ್ನದನ್ನು ಎತ್ತಿದೆ. ನಡುವೆ ಮಾತಿರಲಿಲ್ಲವಾದ್ದರಿಂದ ಎರಡೂ ಕೈಗಳು ಚೆನ್ನಾಗಿ ಕಂಡವು.

ತಮ್ಮ ಒದೆಗೂ ಘೋಷಣೆಗೂ ಬಲಿಯಾಗಿ ಉಳಿದಿರುವ,
ತಮ್ಮ ವಿಶ್ವಾಸಿ,
ಅಮರೇಶ ಅಂಗಡಿ
ಕೇಶ್ವಾಪುರ, ಹುಬ್ಬಳ್ಳಿ

ತಾ.ಕ.: ತಮ್ಮನ್ನು ವಾಪಸು ತೆಗೆದುಕೊಳ್ಳುವಿರಾ ಎಂದು ಪುಣೆಯವರಿಗೆ ಫೋಟೋ ಕಳಿಸಿದ್ದೆ, ಹಣೆಯ ವಿಭೂತಿ ನೋಡಿ ಅವರು ಫೋನು ಎತ್ತುವುದನ್ನೇ ಬಿಟ್ಟಿದ್ದಾರೆ. ಇಡೀ ಸಂಚಿಕೆಯಲ್ಲಿ ಹದಿಮೂರು ಬೇಹುಗಾರರು ಸೇರಿದರೂ ತಮ್ಮ ಹಣೆಯನ್ನು ಮುಟ್ಟಲಾಗಲಿಲ್ಲ. ನನ್ನ ಹೆಂಡತಿಗೆ ಮೂರು ಬೆರಳು ಸಾಕಾದವು, ಅದೂ ಒಂದು ಮಾತಾಡದೆ.