ಎದುರು ಕಟ್ಟಡದ ಮೂಲೆ

ಕ್ವೆಕ್ ಬೂನ್ ಟೆಕ್‌ನ ಸಂಸಾರದ ನೆಮ್ಮದಿ ಕೆಡಿಸಿದ್ದು ಹೆಣ್ಣಲ್ಲ, ಹೆಂಡವಲ್ಲ. ಎದುರು ಕಟ್ಟಡದ ಒಂದು ಮೂಲೆ. ತಂಜೊಂಗ್ ಪಗಾರ್ ಪೇಟೆಯ ಆ ಇಕ್ಕಟ್ಟಿನಲ್ಲಿ, ರಸ್ತೆಯಾಚೆ, ನಲವತ್ತು ಅಂತಸ್ತಿನ ಹೊಸ ಕಟ್ಟಡವೊಂದು ಎದ್ದಿತ್ತು. ಅದರ ನಕ್ಷೆ ಬರೆದ ಮಹಾನುಭಾವ ಎಲ್ಲರಂತೆ ಚೌಕವಾಗಿ ಕಟ್ಟಿಸಿ ಸುಮ್ಮನಾಗದೆ, ಒಂದು ಮೂಲೆಯನ್ನು ಮಚ್ಚಿನ ಅಲಗಿನ ಹಾಗೆ ಮುಂದಕ್ಕೆ ಚಾಚಿಸಿ, ಅದಕ್ಕೆ ಬಹುಮಾನವನ್ನೂ ಹೊಡೆದುಕೊಂಡಿದ್ದ. ಆ ಅಲಗು ನೆಟ್ಟಗೆ ಬೂನ್ ಟೆಕ್‌ನ ಹನ್ನೆರಡನೇ ಅಂತಸ್ತಿನ ಹಾಲಿಗೆ ಗುರಿಯಿಟ್ಟು ನಿಂತಿತ್ತು.

ಚೂಪು ಮೂಲೆ ಎದುರಿಗಿದ್ದರೆ ಮನೆಯ ಐಶ್ವರ್ಯ, ಆರೋಗ್ಯ ಎರಡೂ ಕತ್ತರಿಸಿಹೋಗುತ್ತವೆ ಎಂಬುದು ನಮ್ಮ ಕಡೆ ಹಾಲು ಕುಡಿಯುವ ಕೂಸಿಗೂ ಗೊತ್ತು. ಮನೆ ಮಾರಿಬಿಡೋಣವೆಂದರೆ, ಕೊಳ್ಳಲು ಬಂದ ಐದು ಮಂದಿಗೂ ಗೊತ್ತಿತ್ತು. ಬರುತ್ತಿದ್ದರು, ಅಡುಗೆಮನೆ ಹೊಗಳುತ್ತಿದ್ದರು, ಬಾಲ್ಕನಿಗೆ ಹೋಗಿ ತಲೆಯೆತ್ತುತ್ತಿದ್ದರು, ಹೊರಟುಬಿಡುತ್ತಿದ್ದರು. ಐದನೆಯವನಂತೂ ಅವಸರದಲ್ಲಿ ಬೂನ್ ಟೆಕ್‌ನ ಚಪ್ಪಲಿಯನ್ನೇ ಮೆಟ್ಟಿಕೊಂಡು ಓಡಿದ.

ಆದರೆ ಬೂನ್ ಟೆಕ್‌ನ ಹೆಂಡತಿ ಸಿಯು ಲಿಯನ್ ಸೋಲೊಪ್ಪುವ ಪೈಕಿಯಲ್ಲ. ಅವಳು ತಿಂಗಳುಗಟ್ಟಲೆ ಯೋಚಿಸಿ ಒಂದು ತೀರ್ಮಾನಕ್ಕೆ ಬಂದಿದ್ದಳು.

"ಮಚ್ಚು ಹಿಡ್ಕೊಂಡೋನಿಗೆ ಏನಾಗುತ್ತೆ ಬೂನ್? ಎದುರಿಗಿರೋ ಕೋಳಿಗೆ ತಾನೇ ಆಗೋದು? ಇಷ್ಟು ದಿನ ಕೋಳಿ ಆಗಿದ್ದು ಸಾಕು. ನಾವು ಮಚ್ಚಿನೊಳಗೇ ಹೋಗಿಬಿಡೋಣ."

ಹೋಗುವುದೆಂದರೆ, ಅದೇ ಕಟ್ಟಡದ, ಅದೇ ಮೂಲೆಯ, ಹನ್ನೆರಡನೇ ಅಂತಸ್ತಿನ ಮನೆ ಕೊಳ್ಳುವುದು. ಊರಲ್ಲೆಲ್ಲ ಆ ಮೂಲೆ ಕಾಣದ ಜಾಗ ಅದೊಂದೇ ಎಂಬುದು ಅವಳ ವಾದ. ಆ ಮನೆಯ ಮಾಲೀಕ ಇವತ್ತು ರಾತ್ರಿಯ ವಿಮಾನಕ್ಕೆ ಪರ್ತ್‌ಗೆ ಹೊರಟಿದ್ದ. ಸಹಿ ಹಾಕುವುದಾದರೆ ಸಂಜೆ ಐದರೊಳಗೆ ಎಂದಿದ್ದ. ಹಳೆಯದು ಮಾರದೆ ಹೊಸದಕ್ಕೆ ಸಹಿ ಹಾಕಿದರೆ ಎರಡನೇ ಮನೆಯ ತೆರಿಗೆ ಬಿದ್ದು ಗಂಡಹೆಂಡಿರಿಬ್ಬರೂ ಮುಳುಗಿದಂತೆ. ಹಾಗಾಗಿ ಸಿಯು ಲಿಯನ್ ಮಧ್ಯಾಹ್ನವೇ ಆ ಮನೆಗೆ ಹೋಗಿ, ಕೈಯಲ್ಲಿ ಪೆನ್ನು ಹಿಡಿದು, ಗಂಡನ ಫೋನಿಗೆ ಕಾಯುತ್ತ ಕೂತಳು. ಇತ್ತ ಬೂನ್ ಟೆಕ್ ಆರನೆಯ ಗಿರಾಕಿಗೆ ಕಾಯುತ್ತಿದ್ದ. ಮೂರು ನೂಡಲ್ಸ್ ಅಂಗಡಿಗಳ ಒಡತಿ ಮೇಡಂ ಚುವಾ ಮೂರೂವರೆಗೆ ಬರುವವರಿದ್ದರು. ದಲ್ಲಾಳಿಯ ದುಡ್ಡು ಉಳಿಸಲೆಂದು ಮನೆ ತೋರಿಸುವ ಕೆಲಸವನ್ನು ಬೂನ್ ಟೆಕ್ ತಾನೇ ವಹಿಸಿಕೊಂಡಿದ್ದ.

ಪರದೆ ಎಳೆದು ಕೂತರೆ ಆಯಿತು ಎಂದು ಅವನು ಅಂದುಕೊಂಡಿದ್ದಾಗ ಪಕ್ಕದ ಮನೆಯ ಗೋ ಆಂಟಿ ಒಳಗೆ ಬಂದರು. ಅವರಿಗೆ ಕರೆಗಂಟೆ ಒತ್ತುವ ಅಭ್ಯಾಸವಿಲ್ಲ.

"ಹಗಲು ಹೊತ್ತಲ್ಲಿ ಪರದೆ ಎಳೆದ್ರೆ ಒಳಗೆ ಹೆಣ ಬಚ್ಚಿಟ್ಟಿದ್ದಾನೆ ಅಂದ್ಕೋತಾರಪ್ಪ! ತೆಗಿ ಅದನ್ನ. ಹಸಿರು ಇಡು, ಹಸಿರು!"

"ಹಸಿರು ಎಲ್ಲಿಂದ ತರ್ಲಿ ಆಂಟಿ?"

"ಹೊಸವರ್ಷ ಮುಗಿದು ಹತ್ತು ದಿನ ಆಗಿಲ್ಲ. ಮನೆಮನೆಯಲ್ಲೂ ಹಬ್ಬಕ್ಕೆ ಶುಭ ಅಂತ ತಂದ ಕಿತ್ತಳೆ ಗಿಡ ಬಿದ್ದಿದೆ, ಎಸೆಯೋಕೆ ಎಲ್ಲರಿಗೂ ಸೋಮಾರಿತನ. ನಾನಿದೀನಲ್ಲ, ಬಿಡು."

ಗೋ ಆಂಟಿ ಹೇಳಿದರೆ ಮುಗಿಯಿತು. ಅರ್ಧ ಗಂಟೆಯಲ್ಲಿ ಲಿಫ್ಟು ಏಳೆಂಟು ಸಲ ಮೇಲೆ ಕೆಳಗೆ ಓಡಾಡಿ, ಬಾಲ್ಕನಿಯ ಉದ್ದಕ್ಕೂ ಕುಂಡದಲ್ಲಿ ನೆಟ್ಟ ಆಳೆತ್ತರದ ಕಿತ್ತಳೆ ಗಿಡಗಳು ಎರಡು ಸಾಲು ನಿಂತವು. ಬೂನ್ ಟೆಕ್‌ನ ಸೊಂಟ ಹಿಡಿದುಕೊಂಡಿತು. ಇಷ್ಟಾದರೂ ನಟ್ಟನಡುವೆ ಒಂದಾಳು ಅಗಲದ ಸಂದಿ ಉಳಿದು, ಅದರೊಳಗಿಂದ ಆ ಮೂಲೆ ಇಣುಕುತ್ತಿತ್ತು.

ಅಷ್ಟರಲ್ಲಿ ನಿವಾಸಿಗಳ ಸಮಿತಿಯ ಅಧ್ಯಕ್ಷ, ನಿವೃತ್ತ ಭೂಗೋಳದ ಮೇಷ್ಟ್ರು ಸೆಲ್ವದೊರೈ ನಿಯಮಗಳ ಪುಸ್ತಕ ಹಿಡಿದು ಬಂದರು.

"ಬಾಲ್ಕನಿಗೆ ಆರೇ ಕುಂಡ ಅಂತ ನಿಯಮ ಇದೆ, ಮಿಸ್ಟರ್ ಕ್ವೆಕ್. ಇಲ್ಲಿ ಕಾಡೇ ಬೆಳೆಸಿದ್ದೀರಿ!"

"ನಿಯಮ ಆಮೇಲೆ ಓದಿ ಮೇಷ್ಟ್ರೇ," ಎಂದರು ಗೋ ಆಂಟಿ. "ಈ ಮನೆ ಇವತ್ತು ಹೋಗ್ಲಿಲ್ಲ ಅಂದ್ರೆ ಇವನು ಬೆಲೆ ಇಳಿಸ್ತಾನೆ. ಇವನು ಇಳಿಸಿದ್ರೆ ನಿಮ್ಮ ಮನೆ, ನನ್ನ ಮನೆ ಯಾರು ಮೂಸ್ತಾರೆ?"

ಮೇಷ್ಟ್ರು ಪುಸ್ತಕ ಮುಚ್ಚಿದರು. "ನನ್ನಿಂದ ಏನಾಗ್ಬೇಕು ಹೇಳಿ."

ಗೋ ಆಂಟಿ ಅವರನ್ನು ಅಡಿಯಿಂದ ಮುಡಿಯವರೆಗೆ ಅಳೆದರು. ಮೇಷ್ಟ್ರು ಆರಡಿ ಎತ್ತರ, ಅದಕ್ಕೆ ತಕ್ಕ ಗಾತ್ರ. "ಏನೂ ಬೇಡ. ಆ ಸಂದಿಯಲ್ಲಿ ಹೋಗಿ ನಿಂತ್ಕೊಳ್ಳಿ ಸಾಕು."

ಮೇಡಂ ಚುವಾ ಸಮಯಕ್ಕೆ ಸರಿಯಾಗಿ ಬಂದರು. ಪುಟ್ಟ ಆಕೃತಿ, ದೊಡ್ಡ ಚೀಲ, ಮಾರುಕಟ್ಟೆಯಲ್ಲಿ ಮೀನಿನ ಕಿವಿರು ಎತ್ತಿ ನೋಡುವಂಥ ಕಣ್ಣು. ಕೋಣೆ ನೋಡಿದರು, ನಲ್ಲಿ ತಿರುಗಿಸಿದರು, ಗೋಡೆ ಕುಟ್ಟಿದರು. ಗೋ ಆಂಟಿ ಅನಾನಸ್ ಟಾರ್ಟ್ ಮುಂದಿಟ್ಟು ಸೋಫಾದಲ್ಲಿ ಕೂರಿಸಲು ಹರಸಾಹಸ ಮಾಡಿದರು. ಮೇಡಂ ಚುವಾ ಎರಡು ಟಾರ್ಟ್ ತಿಂದು ಬಾಲ್ಕನಿಗೇ ನಡೆದರು.

"ಇವರು ಯಾರು?"

"ನಮ್ಮ ಅಧ್ಯಕ್ಷರು. ಇಲ್ಲಿಯ ಗಾಳಿ ಅಂದ್ರೆ ಅವರಿಗೆ ಪ್ರಾಣ," ಎಂದ ಬೂನ್ ಟೆಕ್.

"ಬಹಳ ಒಳ್ಳೇ ಗಾಳಿ," ಎಂದರು ಮೇಷ್ಟ್ರು, ಕದಲದೆ.

ಮೇಡಂ ಚುವಾ ಎಡಕ್ಕೆ ಬಾಗಿದರೆ ಮೇಷ್ಟ್ರೂ ಎಡಕ್ಕೆ, ಬಲಕ್ಕೆ ಬಾಗಿದರೆ ಬಲಕ್ಕೆ. ಹೀಗೇ ನಡೆದಿದ್ದರೆ ಮನೆ ಮಾರಿಹೋಗುತ್ತಿತ್ತೋ ಏನೋ. ಆದರೆ ಹಬ್ಬ ಮುಗಿದಾಗಿನಿಂದ ನೀರು ಕಾಣದ ಕುಂಡಗಳಲ್ಲಿ ಕೆಂಪಿರುವೆಗಳು ಊರು ಕಟ್ಟಿದ್ದವು. ಅವು ಮೇಷ್ಟ್ರ ಪ್ಯಾಂಟಿನೊಳಗೆ ಮೇಲೇರತೊಡಗಿದವು. ಮೇಷ್ಟ್ರು ಮೊದಲು ಒಂದು ಕಾಲು ಕೊಡವಿದರು, ಆಮೇಲೆ ಇನ್ನೊಂದು. ಆಮೇಲೆ ನಿವೃತ್ತಿ, ಅಧ್ಯಕ್ಷಗಿರಿ ಎಲ್ಲ ಮರೆತು ಕುಣಿದರು. ಎಡಗಡೆಯ ಸಾಲು ಉರುಳಿತು, ಅದರ ಹಿಂದೆ ಬಲಗಡೆಯದೂ ಉರುಳಿತು. ಹಾಲಿನ ತುಂಬ ಕಿತ್ತಳೆಗಳು ಉರುಳಾಡಿದವು. ಮೇಷ್ಟ್ರು ಬಚ್ಚಲಿಗೆ ಓಡಿದರು.

ಖಾಲಿಯಾದ ಬಾಲ್ಕನಿಯ ಎದುರಿಗೆ ಆ ಮೂಲೆ ಇಡಿಯಾಗಿ ನಿಂತಿತ್ತು.

ಬೂನ್ ಟೆಕ್ ಕಣ್ಣು ಮುಚ್ಚಿಕೊಂಡ. ಮುಗಿಯಿತು ಎಂದುಕೊಂಡ. ಹೆಂಡತಿಗೆ ಏನು ಹೇಳುವುದೋ ತಿಳಿಯದೆ ಅವನಿಗೆ ನಿಜಕ್ಕೂ ಅಳು ಬಂತು.

"ಇದನ್ನ ಮುಚ್ಚಿಡೋಕಾ ಇಷ್ಟೆಲ್ಲ ನಾಟಕ?" ಎಂದರು ಮೇಡಂ ಚುವಾ. "ಗೊತ್ತಿಲ್ದೆ ಬಂದಿದೀನಾ? ಐದು ಜನ ಓಡಿಹೋದ ಮನೆ ಅಂತ ಕೇಳಿಯೇ ಬಂದಿದ್ದು. ಹೆದರೋರು ಬೆಲೆ ಇಳಿಸ್ತಾರೆ, ಹೆದರದೋರು ಕೊಳ್ತಾರೆ. ಕಾಗದ ತೆಗೀರಿ."

ಬೂನ್ ಟೆಕ್ ಕಾಗದ ತೆಗೆದ. ಮೇಡಂ ಚುವಾ ಬೆಲೆಯಲ್ಲಿ ಒಂದಿಷ್ಟು ಕಡಿದು, ಸಹಿ ಜಡಿದು, ಮುಂಗಡದ ಚೆಕ್ಕನ್ನು ಮೇಜಿನ ಮೇಲಿಟ್ಟರು. ಗಂಟೆ ನಾಲ್ಕೂವರೆ. ಬೂನ್ ಟೆಕ್ ಫೋನು ಹಚ್ಚಿದ.

"ಲಿಯನ್, ಹೋಯ್ತು! ಮನೆ ಹೋಯ್ತು! ಹಾಕು ಸಹಿ!"

"ಹಾಕ್ದೆ!" ಎಂದಳು ಸಿಯು ಲಿಯನ್. "ಹಾಕಿದ್ದಾಯ್ತು! ನಾವಿನ್ನು ಕೋಳಿ ಅಲ್ಲ!"

ಫೋನಿಟ್ಟು ತಿರುಗಿದಾಗ ಮೇಡಂ ಚುವಾ ದೊಡ್ಡ ಚೀಲದಿಂದ ಏನನ್ನೋ ಬಿಚ್ಚುತ್ತಿದ್ದರು. ಎಂಟು ಮೂಲೆಯ ಮರದ ಚೌಕಟ್ಟು. ನಡುವೆ ಊಟದ ತಟ್ಟೆಯಷ್ಟಗಲದ ಉಬ್ಬುಗನ್ನಡಿ. ಗೋ ಆಂಟಿ ಒಂದು ಹೆಜ್ಜೆ ಹಿಂದೆ ಸರಿದರು. ಅಂಥ ಕನ್ನಡಿಯ ಸಂಗತಿ ಅವರಿಗೂ ಗೊತ್ತಿತ್ತು, ಸಿಯು ಲಿಯನ್‌ಗೂ ಗೊತ್ತಿತ್ತು. ಅದು ಕೆಡುಕನ್ನು ತಡೆಯುವುದಷ್ಟೇ ಅಲ್ಲ, ಕಳಿಸಿದವರ ಮನೆಗೇ ತಿರುಗಿಸಿ ಹೊಡೆಯುತ್ತದೆ. ನಾಳೆ ಮಾರುಕಟ್ಟೆಯಲ್ಲಿ ಒಬ್ಬರ ಮುಖ ಒಬ್ಬರು ನೋಡಬೇಕಾದ ಜನ ಅದನ್ನು ಎದುರುಮನೆಗೆ ಹಿಡಿಯುವುದಿಲ್ಲ.

"ನಮ್ಮ ಗುರುಗಳು ಮಂತ್ರಿಸಿ ಕೊಟ್ಟಿದ್ದು. ಬಂದದ್ದನ್ನ ಮೂರು ಪಟ್ಟು ಮಾಡಿ ವಾಪಸ್ ಕಳಿಸುತ್ತೆ," ಎಂದರು ಮೇಡಂ ಚುವಾ. "ಐದರೊಳಗೆ ಒಳ್ಳೇ ಗಳಿಗೆ ಇದೆಯಂತೆ. ಇವತ್ತೇ ಏರಿಸ್ಬೇಕು, ಇಲ್ಲಾಂದ್ರೆ ಚೆಕ್ ವಾಪಸ್ ಕೊಡಿ. ಮಿಸ್ಟರ್ ಕ್ವೆಕ್, ನಿಮ್ಮನೇಲಿ ಸುತ್ತಿಗೆ ಇದೆಯಾ?"

"ಎದುರುಮನೆಯೋರು... ಪಾಪ ಅಲ್ವಾ?" ಎಂದ ಬೂನ್ ಟೆಕ್.

"ಆ ಮೂಲೆಯಲ್ಲಿ ಮನೆ ಕೊಳ್ಳೋ ಅಂಥ ಪೆದ್ದರಿಗೆ ಯಾರೇನು ಮಾಡೋಕಾಗುತ್ತೆ?"

ಗೋ ಆಂಟಿ ಸ್ಟೂಲು ಹಿಡಿದರು. ಬೂನ್ ಟೆಕ್ ಹತ್ತಿ, ಬಾಲ್ಕನಿ ಬಾಗಿಲ ನೆತ್ತಿಗೆ ಮೊಳೆ ಹೊಡೆದ. ಮೇಡಂ ಚುವಾ ಕೆಳಗಿನಿಂದ "ಇನ್ನೊಂಚೂರು ಎಡಕ್ಕೆ, ಹ್ಞಾಂ, ಸರಿಯಾಗಿ ಆ ಹನ್ನೆರಡನೇ ಅಂತಸ್ತಿಗೆ" ಎಂದು ಗುರಿ ಹೇಳಿಕೊಟ್ಟರು. ಪಡುವಣ ಬಿಸಿಲು ಕನ್ನಡಿಯ ಮೇಲೆ ಬಿತ್ತು.

ಫೋನು ರಿಂಗಾಯಿತು.

"ಬೂನ್! ನಮ್ಮ ಹೊಸ ಹಾಲಲ್ಲಿ ಎಷ್ಟು ಬೆಳಕು ಗೊತ್ತಾ! ಎದುರುಗಡೆಯಿಂದ ಫಳ್ ಅಂತ ಬರ್ತಾ ಇದೆ. ನಿಂತ್ಕೋ, ನೋಡ್ತೀನಿ, ಎಲ್ಲಿಂದ ಅಂತ..."

ರಸ್ತೆಯಾಚೆಯ ಕಿಟಕಿಯಲ್ಲಿ ಸಿಯು ಲಿಯನ್ ಹಣೆಗೆ ಕೈ ಅಡ್ಡ ಹಿಡಿದು ನೋಡುತ್ತಿದ್ದಳು. ಬೂನ್ ಟೆಕ್ ಸ್ಟೂಲಿನ ಮೇಲಿಂದಲೇ ಸುತ್ತಿಗೆಯನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡ.