ವಿಮಾನ ಎಳೆದ ಮಾಮ

ಎರಡನೆಯ ಮಹಾಯುದ್ಧದಲ್ಲಿ ಬ್ರಿಟಿಷ್ ವಿಮಾನವೊಂದನ್ನು ಬರಿಗೈಯಲ್ಲಿ ಹಿಡಿದ ವೀರ ಜಪಾನಿನಲ್ಲಿ ಇದ್ದನೋ ಇಲ್ಲವೋ ನನಗೆ ಗೊತ್ತಿಲ್ಲ. ನಮ್ಮ ಮನೆಯಲ್ಲಿ ಇದ್ದ! ನನ್ನ ಸೋದರಮಾವ. ಕಸುಬು ಮೀನು ಹಿಡಿಯುವುದು, ಚಟ ಎಲ್ಲರ ಕೆಲಸಕ್ಕೂ ಕೈ ಹಾಕುವುದು.

ಕಾಟಿಪಳ್ಳದಾಚೆಯ ಪದವಿನಲ್ಲಿ, ಅಂದರೆ ಗಾಳಿ ಮತ್ತು ಮುಳಿಹುಲ್ಲು ಬಿಟ್ಟರೆ ಬೇರೇನೂ ಇಲ್ಲದ ಮುರಕಲ್ಲಿನ ಬಯಲಿನಲ್ಲಿ, ಮಿಲಿಟರಿಯವರು ನೆಲ ತಟ್ಟಿ ವಿಮಾನ ಬಿಡಲು ಕಲಿಯುವ ಹುಡುಗರಿಗೊಂದು ಮೈದಾನ ಮಾಡಿದ್ದರು. ಮೊದಲ ವಿಮಾನ ಇಳಿಯುವುದನ್ನು ನೋಡಲು ಕಡಲ ಕರೆಯ, ಅಂದರೆ ದಡದ, ನಮ್ಮ ಕೇರಿಯಿಂದ ನಾವೆಲ್ಲ ಹೋಗಿದ್ದೆವು. ಅದರ ಬಣ್ಣ ಹಳದಿ. ಅಲ್ಲ, ಬೂದು. ಹೋದ ಸಲ ಹೇಳಿದಾಗ ಹಸಿರು ಅಂದಿದ್ದೆನಂತೆ. ಬಣ್ಣ ಬಳಿಯುವುದೇ ನನ್ನ ನೆನಪಿನ ಕೆಲಸ, ಅದನ್ನು ನಂಬಬೇಡಿ. ಮುಂದೆ ನಡೆದದ್ದನ್ನು ಮಾತ್ರ ನಂಬಲೇಬೇಕು. ಕಟ್ಟಿ ಹೇಳುವಷ್ಟು ಕಲ್ಪನೆ ನನಗೆಲ್ಲಿ ಉಂಟು?

ನಮ್ಮಲ್ಲಿ ದೋಣಿ ದಡಕ್ಕೆ ಬಂದರೆ ಅದು ಯಾರದೆಂದು ಯಾರೂ ಕೇಳುವುದಿಲ್ಲ. ಅಲ್ಲಿದ್ದವರೆಲ್ಲ ಓಡಿ, ಹೆಗಲು ಕೊಟ್ಟು, ಐಲೇಸಾ ಅಂತ ಮೇಲೆಳೆಯುತ್ತಾರೆ. ಎಳೆದವನಿಗೆ ಒಂದು ಹಿಡಿ ಮೀನು. ಹೀಗಿರುವಾಗ ವಿಮಾನ ಕುಪ್ಪಳಿಸುತ್ತಾ ಬಂದು ನಿಂತರೆ ಮಾಮ ಏನು ಮಾಡಬೇಕು ಹೇಳಿ? ಪಂಚೆ ಎತ್ತಿಕಟ್ಟಿ ಓಡಿದ. ಹಿಂದೆಯೇ ಅವನ ದೋಣಿಯ ತಂಡವೂ ಓಡಿತು. ಕೆಲವರು ಬಾಲಕ್ಕೆ, ಉಳಿದವರು ರೆಕ್ಕೆಗೆ. ಐಲೇಸಾ! ರೆಕ್ಕೆಯ ಬಟ್ಟೆ ಪರ್ರನೆ ಹರಿಯಿತು. ದೂರದಿಂದ ಸಾಹೇಬ ಸೀಟಿ ಊದುತ್ತಾ ಬಂದ. ಹುರಿದುಂಬಿಸುತ್ತಿದ್ದಾನೆಂದು ತಿಳಿದು ಮಾಮ ಇನ್ನೂ ಜೋರಾಗಿ ಎಳೆದ!

ಒಳಗಿಂದ ಇಳಿದವ ಬಡಗು ದಿಕ್ಕಿನ ಯಾವುದೋ ದೂರದೂರಿನ, ಮೀಸೆ ಸರಿಯಾಗಿ ಮೂಡದ ಹುಡುಗ. ಮಾಮ ಅವನೆದುರು ಕೈ ಚಾಚಿ ತನ್ನ ಪಾಲು ಕೇಳಿದ. ಭಾಷೆ ತಿಳಿಯದಿದ್ದರೂ ಅಂಗೈ ತಿಳಿಯುತ್ತದಲ್ಲ? ಹುಡುಗ ಜೇಬಿನಿಂದ ಬಿಸ್ಕತ್ತು ತೆಗೆದುಕೊಟ್ಟ. ಸಾಹೇಬ ಬೈದದ್ದೆಲ್ಲ ಇಂಗ್ಲಿಷಿನಲ್ಲಿದ್ದದ್ದರಿಂದ ಮಾಮನಿಗೆ ಬೇಸರವೇನೂ ಆಗಲಿಲ್ಲ.

ಅಂದಿನಿಂದ ಎಳೆಯುವುದಕ್ಕೆ ನಿಷೇಧ. ಆದರೂ ಆ ಹುಡುಗ ಇಳಿದಾಗಲೆಲ್ಲ ಮಾಮ ಮೈದಾನದ ಅಂಚಿನಲ್ಲಿ ಹಾಜರು, ಬಿಸ್ಕತ್ತೂ ಹಾಜರು. ಎಳೆಯದೆ ಎಂತ ಪಾಲು ಎಂದು ಮಾಮಿ ಹಂಗಿಸಿದರೆ ಉತ್ತರ ಸಿದ್ಧ: "ನಾನು ತಯಾರಿದ್ದೆ ಮಾರಾಯ್ತಿ, ಅವರು ಬಿಡ್ಲಿಲ್ಲ."

ಒಂದು ದಿನ ಕಡಲಿನ ಮೇಲೆ ಹಾರಿಹೋದ ಹುಡುಗ ಹಿಂದೆ ಬರಲಿಲ್ಲ. ದೋಣಿಗಳು ಹುಡುಕಿದವು, ಮಾಮನದೂ. ಏನೂ ಸಿಗಲಿಲ್ಲ.

ಯುದ್ಧ ಮುಗಿದು ಮಿಲಿಟರಿ ಡೇರೆ ಕಿತ್ತಿತು. ಮೀನು ಒಣಗಿಸಲು ಸರಕಾರ ಇಷ್ಟು ದೊಡ್ಡ ಅಂಗಳ ಬಿಟ್ಟುಹೋಯಿತೆಂದು ಮಾಮಿಗೆ ಖುಷಿ. ಆ ವರ್ಷ ಕಡಲ ಕರೆಯಲ್ಲಿ ಹಿಡಿಸದಷ್ಟು ಬಂಗುಡೆ. ಗಾಡಿಯಲ್ಲಿ ಹೇರಿ ಪದವಿನ ಮೈದಾನಕ್ಕೆ ತಂದಳು. ಮಾಮ ಅಂಚಿನಲ್ಲಿ ಹರಡಲು ಬಿಟ್ಟ, ವಿಮಾನ ಇಳಿಯುತ್ತಿದ್ದ ನಡುವಿನ ಪಟ್ಟಿಗೆ ಮಾತ್ರ ಯಾರನ್ನೂ ಬಿಡ! ದಿನಾ ಅದನ್ನು ಗುಡಿಸುತ್ತಾನೆ, ದನ ಅಟ್ಟುತ್ತಾನೆ. ಅಲ್ಲಿ ಸೆಗಣಿ ಹಾಕಿದ ಕೋಣದ ಯಜಮಾನನೊಡನೆ ಮಾತೇ ಬಿಟ್ಟ. ಮಾಮ ವಿಮಾನ ಕೊಳ್ಳುತ್ತಾನಂತೆ ಎಂಬ ಸುದ್ದಿ ಕದ್ರಿಯ ಪೇಟೆಯವರೆಗೂ ಹೋಗಿ, ಅಲ್ಲಿ ನಾನಿಟ್ಟಿದ್ದ ಅಂಗಡಿಯ ಗಿರಾಕಿಗಳು ಟಿಕೆಟ್ ಎಷ್ಟೆಂದು ಕೇಳತೊಡಗಿದರು.

ಇತ್ತ ಅಂಚೆಲ್ಲ ತುಂಬಿ, ಉಳಿದ ಮೀನು ಬುಟ್ಟಿಯಲ್ಲೇ ನಾರತೊಡಗಿತು. ತಡೆಯಲಾರದೆ ಮಾಮಿ ಒಂದು ಬುಟ್ಟಿ ಬಂಗುಡೆಯನ್ನು ಪಟ್ಟಿಯ ನಡುವಿನಲ್ಲೇ ಸುರಿದಳು.

"ಮರ್ಲುಂಟಾ ನಿಮಗೆ, ತಲೆ ಸರಿ ಇಲ್ವಾ? ಮಳೆಗಾಲದ ಅನ್ನ ಕೊಳೆಯುತ್ತಾ ಉಂಟು. ಈ ಜಾಗ ಯಾರಿಗೆ ಇಟ್ಟದ್ದು?"

ಮಾಮ ಪೊರಕೆ ಕೆಳಗಿಟ್ಟ. "ಕಡಲಿಗೆ ಹೋದ ದೋಣಿ ಬಾರದಿದ್ದರೆ ಅದರ ಜಾಗದಲ್ಲಿ ನಾವು ಬೇರೆ ದೋಣಿ ಎಳೆದು ಹಾಕ್ತೇವಾ?" ಎಂದ. "ಆ ಹುಡುಗ ಬರ್ಲಿಲ್ಲ ಅಲ್ವಾ."

ಮಾಮಿಯ ಬಾಯಲ್ಲಿ ಸಿದ್ಧವಿದ್ದ ಬೈಗುಳ ಎಲ್ಲಿ ಹೋಯಿತೋ. "ಅವನ ಅಮ್ಮನಿಗೆ ಯಾರಾದರೂ ಹೇಳಿದ್ದಾರಾ?" ಎಂದು ಕೇಳಿದಳು.

ಮಾಮನಿಗೆ ಗೊತ್ತಿರಲಿಲ್ಲ. ಮಾಮಿ ಕೆಳಗೆ ಕೂತು, ಸುರಿದ ಬಂಗುಡೆಯನ್ನು ಮತ್ತೆ ಬುಟ್ಟಿಗೆ ತುಂಬತೊಡಗಿದಳು.