ಡೋಲೋನ್ ಘಟ್ಟ ಹತ್ತಲಾರದ ಸೇವ್ ಫೈಲಿನವರಿಗೆ

ಮಾನ್ಯ ಸೇವ್ ಫೈಲ್ ಸಾಹೇಬರೇ,

ತೊಕ್ಮೋಕ್ ಪಟ್ಟಣದಲ್ಲಿ ವಾಸವಾಗಿರುವ, ಅತ್‌ಬಾಶಿ ಮಾರ್ಗದ ನಿವೃತ್ತ ಬಸ್ ಚಾಲಕ ಎಸೆನ್‌ಕುಲ್ ಎದೆಯ ಮೇಲೆ ಕೈಯಿಟ್ಟು ಸಲಾಮು ಮಾಡಿ ಕೇಳುವುದೇನೆಂದರೆ, ತಮ್ಮ ದನಕರುಗಳು ಕ್ಷೇಮವೇ, ತಮ್ಮ ಜೀವ ಕ್ಷೇಮವೇ, ಚಳಿ ತಮ್ಮನ್ನು ಹೆಚ್ಚು ಕಾಡಲಿಲ್ಲ ತಾನೇ? ತಮ್ಮ ಹೊಟ್ಟೆಯೊಳಗಿನ ಕುದುರೆ ಕುರಿಗಳೆಲ್ಲ ನಾನೇ ತಂದು ಕಟ್ಟಿದವು, ಅವುಗಳ ಯೋಗಕ್ಷೇಮ ನನಗೆ ಗೊತ್ತಿಲ್ಲದ್ದೇನಲ್ಲ. ಆದರೂ ಇಷ್ಟು ಕೇಳದೆ ನೇರ ದೂರಿಗೆ ಇಳಿಯುವುದು ನಮ್ಮಲ್ಲಿ ಮರ್ಯಾದೆಯಲ್ಲ. ಈ ಪತ್ರವನ್ನು ನೆಂಟರಿಷ್ಟರೆಲ್ಲ ಓದಲೆಂದು ಬಹಿರಂಗವಾಗಿಯೇ ಬರೆಯುತ್ತಿದ್ದೇನೆ. ತಮ್ಮ ಮಾನಕ್ಕೆ ಕುಂದು ಬಂದರೆ ಕ್ಷಮಿಸಬೇಕು, ನನ್ನ ಮಾನವಂತೂ ಮೊದಲೇ ಹೋಗಿದೆ.

ನನ್ನ ಮೊಣಕಾಲಿನ ಶಸ್ತ್ರಚಿಕಿತ್ಸೆಯಾದಾಗ, ಮುದುಕ ಎದ್ದು ಓಡಾಡದಿರಲಿ ಎಂದು ಸೊಸೆ ಚೊಲ್ಪೊನ್ ತನ್ನ ಹಳೆಯ ಕಂಪ್ಯೂಟರನ್ನೂ ಅದರೊಳಗಿನ ಕತ್ತಿ ಹಿಡಿದ ವೀರನ ಆಟವನ್ನೂ ನನ್ನ ಮುಂದಿಟ್ಟಳು. ಡೋಲೋನ್ ಘಟ್ಟದ ಆಚೆ, ಅತ್‌ಬಾಶಿಯಲ್ಲಿರುವ ನನ್ನ ತಂಗಿ ಬುರುಲ್‌ಗೂ ಅದೇ ಆಟ ಅಂಟಿಕೊಂಡಿತು. ನಾನು ಬಸ್ಸು ಓಡಿಸುವಾಗ ವಾರಕ್ಕೊಮ್ಮೆಯಾದರೂ ಅವಳ ಮನೆಯ ಮುಂದೆ ನಿಲ್ಲಿಸುತ್ತಿದ್ದೆ. ಈಗ ನನಗೆ ಕಾಲಿಲ್ಲ, ಅವಳಿಗೆ ಸೊಂಟವಿಲ್ಲ, ನಡುವಿನ ಘಟ್ಟದಲ್ಲಿ ಹಿಮ. ಹಾಗಾಗಿ ಒಂದು ಏರ್ಪಾಡು ಮಾಡಿಕೊಂಡೆವು. ಇಬ್ಬರಿಗೂ ಒಂದೇ ಲೋಕ, ಒಬ್ಬನೇ ವೀರ. ನಾನು ಕೆಲವು ದಿನ ಆಡಿ, ಆಟ ನಿಂತಲ್ಲಿಯ ತನಕದ್ದನ್ನೆಲ್ಲ ಹೊಟ್ಟೆಯಲ್ಲಿಟ್ಟುಕೊಂಡ ತಮ್ಮನ್ನು ಅವಳಿಗೆ ಕಳಿಸುವುದು, ಅವಳು ಆಡಿ ತಮ್ಮನ್ನು ನನಗೆ ಕಳಿಸುವುದು. ತಾವೇ ನಮ್ಮಿಬ್ಬರ ನಡುವಿನ ಬಸ್ಸು, ತಾವೇ ಅದರ ಪ್ರಯಾಣಿಕ.

ಅಂಥ ತಾವು ಈ ಚಳಿಗಾಲದಲ್ಲಿ ಉಬ್ಬಿದ ಪರಿಯನ್ನು ಬಣ್ಣಿಸಲು ನನ್ನ ಓದು ಸಾಲದು. ತಮ್ಮನ್ನು ತೆರೆಯಲು ಹೇಳಿ ನಾನು ಚಹಾ ಕುದಿಸಿ, ಕುಡಿದು, ಬಟ್ಟಲು ತೊಳೆದು ಬಂದರೂ ತಾವು ಇನ್ನೂ ಕಣ್ಣುಜ್ಜಿಕೊಳ್ಳುತ್ತಿರುತ್ತೀರಿ. ಕಳಿಸಹೊರಟರೆ ಮುಕ್ಕಾಲು ದಾರಿ ಹೋಗಿ, ಏದುಸಿರು ಬಿಟ್ಟು, ಎಲ್ಲವನ್ನೂ ಕೈಬಿಟ್ಟು ವಾಪಸು ಬರುತ್ತೀರಿ. ಮದುವೆಗೆ ಹೊರಟವರ ಪೆಟ್ಟಿಗೆ, ಒಲೆ, ಕುರಿಗಳನ್ನೆಲ್ಲ ಹೇರಿಕೊಂಡು ನನ್ನ ಹಳೆಯ ಬಸ್ಸು ಆ ಘಟ್ಟ ಹತ್ತಿಳಿದಿದೆ. ಕಣ್ಣಿಗೆ ಕಾಣದ, ಕೈಗೆ ಸಿಗದ ತಮಗೆ ಅದು ಆಗದೆಂದರೆ ನಂಬುವುದು ಹೇಗೆ? ಬುರುಲ್ ಮೊದಮೊದಲು ದಿನವೂ ಫೋನ್ ಮಾಡಿ "ಅಣ್ಣಾ, ಕಳ್ಸಿದ್ಯಾ?" ಎನ್ನುತ್ತಿದ್ದಳು. ಆಮೇಲೆ ಕೇಳುವುದನ್ನೇ ಬಿಟ್ಟಳು. ನಾನೇ ಫೋನ್ ಮಾಡಿದರೆ "ಹೂಂ", "ಇದೀನಿ", "ಇಡ್ಲಾ?" ಎಂದು ಮೂರು ಮಾತಿನಲ್ಲಿ ಮುಗಿಸುತ್ತಿದ್ದಳು. ತಮ್ಮ ತೂಕದ ವಿಷಯದಲ್ಲಿ ನಾನು ನಿಜವಾಗಿ ನಿದ್ದೆಗೆಟ್ಟದ್ದು ಅಲ್ಲಿಂದ.

ತಮ್ಮ ನೆನಪಿನ ಶಕ್ತಿಯನ್ನು ಹೊಗಳದಿದ್ದರೆ ತಪ್ಪಾದೀತು. ನನ್ನ ಹೆಂಡತಿ ಕಾಲಿಪಾ ಕೂಡ ನನ್ನ ಒಂದೆರಡು ತಪ್ಪುಗಳನ್ನು ಮರೆತಿದ್ದಾಳೆ. ತಾವು ಒಂದನ್ನೂ ಮರೆತವರಲ್ಲ. ಆಟದಲ್ಲಿ ನಮಗೊಂದು ಉಣ್ಣೆ ಗುಡಾರವಿದೆ. ಪ್ರತಿ ಸಲ ನನ್ನ ಸರದಿ ಬಂದಾಗ ಅದರ ಬರಿಯ ನೆಲದ ಮೇಲೆ ದುಂಡನೆಯ ರೊಟ್ಟಿಗಳು ಬಿದ್ದಿರುತ್ತಿದ್ದವು. ನೆಲದ ಮೇಲೆ ರೊಟ್ಟಿ! ಯಾರೋ ಬುದ್ಧಿಗೇಡಿ ಆಟ ಕಟ್ಟಿದ್ದಾನೆಂದು ಬೈದುಕೊಂಡು, ನಾನು ಹುಟ್ಟಿದಾಗಿನಿಂದ ಮಾಡುತ್ತ ಬಂದಂತೆ ಒಂದೊಂದನ್ನೂ ಎತ್ತಿ, ಕಾಲು ತಾಗದ ಎತ್ತರದಲ್ಲಿ, ಅಂದರೆ ಪಕ್ಕದ ಕೊಟ್ಟಿಗೆಯ ಚಾವಣಿಯ ಮೇಲೆ, ಹಕ್ಕಿಗಳಿಗೆಂದು ಸಾಲಾಗಿ ಇಡುತ್ತಿದ್ದೆ. ನಮ್ಮ ಪದ್ಧತಿಯಂತೆ ಬಿದ್ದ ರೊಟ್ಟಿಯನ್ನು ಹಣೆಗೆ ಒತ್ತಿಕೊಳ್ಳಲು ವೀರನಿಗೆ ಬರುವುದಿಲ್ಲವಾದ್ದರಿಂದ ಆ ಕೆಲಸವನ್ನು ಪರದೆಯ ಮುಂದೆ ಕುಳಿತು ನಾನೇ ಮಾಡುತ್ತಿದ್ದೆ. ಆಡುವವರೇ ತಯಾರಿಸಿ ಹಂಚುವ ಸೇರ್ಪಡೆಗಳು ಈ ಆಟಕ್ಕೆ ಬೇಕಾದಷ್ಟಿವೆ. ಅವುಗಳಲ್ಲಿ ರೊಟ್ಟಿ ಮೊದಲು ಹಬೆಯಾಡುವಂತೆ, ಆಮೇಲೆ ದಿನೇದಿನೇ ಒಣಗುವಂತೆ ಮಾಡುವುದೂ ಒಂದು. ಹೀಗಾಗಿ ಚಾವಣಿಯ ಮೇಲಿನ ಪ್ರತಿಯೊಂದು ರೊಟ್ಟಿ ಎಲ್ಲಿದೆ, ಯಾವ ಕಡೆಗೆ ವಾಲಿದೆ, ಇವತ್ತಿಗೆ ಎಷ್ಟು ಒಣಗಿದೆ ಎಂಬುದನ್ನೆಲ್ಲ ತಾವು ನಿಷ್ಠೆಯಿಂದ ನೆನಪಿಟ್ಟುಕೊಂಡಿರಿ. ಒಂದು ಹಕ್ಕಿಯೂ ಬರಲಿಲ್ಲ. ಆಟದಲ್ಲಿ ಹಕ್ಕಿಗಳಿಗೆ ಹಸಿವಿಲ್ಲವಂತೆ.

ತಮ್ಮ ತೂಕ ಇಳಿಸಲು ನಾನು ಪಟ್ಟ ಪಾಡು ತಮಗೆ ತಿಳಿದದ್ದೇ. ಕತ್ತಿಗಳನ್ನು ಮಾರಿದೆ, ಕಷ್ಟಪಟ್ಟು ಕೊಂದ ಹಿಮದೈತ್ಯನ ಎಲುಬುಗಳನ್ನು ನದಿಗೆ ಎಸೆದೆ. ತಾವು ಕೂದಲೆಳೆಯಷ್ಟೂ ಕರಗಲಿಲ್ಲ. ಕೊನೆಗೆ ಚೊಲ್ಪೊನ್ ಬಂದು ನೋಡಿ, ಭಾರವೆಲ್ಲ ಚಾವಣಿಯ ಮೇಲಿನ ರೊಟ್ಟಿಗಳದ್ದೆಂದು ಕಂಡುಹಿಡಿದು, "ಮಾವಾ, ಒಂದು ಗುಂಡಿ ಒತ್ತಿದ್ರೆ ಆ ರೊಟ್ಟಿಗಳೆಲ್ಲ ಹೋಗ್ಬಿಡ್ತವೆ" ಎಂದಳು.

"ಎಲ್ಲಿಗ್ ಹೋಗ್ತವೆ?"

"ಎಲ್ಲಿಗೂ ಇಲ್ಲ. ಅಳಿಸಿ ಹೋಗ್ತವೆ."

"ರೊಟ್ಟಿ ಅಳಿಸೋದು ಅಂದ್ರೇನಮ್ಮಾ? ಕೇಳೋಕೇ ಒಂಥರಾ ಆಗುತ್ತೆ."

ಒಲೆಯ ಬಳಿಯಿಂದ ಕಾಲಿಪಾ, "ಕಲ್ಲಿನಂಥ ದವಡೆ ಇದ್ದಾಗ ನಿಜವಾದ ರೊಟ್ಟಿಯ ಅಂಚು ಬಿಟ್ಟು ಏಳ್ತಿದ್ರು, ಈಗ ಹಲ್ಲಿಲ್ಲದ ಕಾಲಕ್ಕೆ ಗಾಜಿನೊಳಗಿನ ರೊಟ್ಟಿಗೆ ಕಣ್ಣೀರು" ಎಂದಳು. ಗುಂಡಿಯ ಮೇಲೆ ಬೆರಳಿಟ್ಟೆ. ತೆಗೆದೆ. ಮತ್ತೆ ಇಟ್ಟೆ. ಘಟ್ಟದ ತಿರುವಿನಲ್ಲಿ ಬ್ರೇಕು ಹಿಡಿಯದಿದ್ದಾಗಲೂ ನಾನು ಅಷ್ಟು ಬೆವರಿರಲಿಲ್ಲ. ಒತ್ತಲಾಗಲಿಲ್ಲ.

ಬುರುಲ್‌ಗೆ ಫೋನ್ ಮಾಡಿ, ತಡವಾದದ್ದಕ್ಕೆ ನಾನಲ್ಲ, ನೆಲದ ಮೇಲೆ ರೊಟ್ಟಿ ಚೆಲ್ಲಿದ ಯಾರೋ ಮೂರ್ಖ ಕಾರಣ ಎಂದು ವಿವರವಾಗಿ ದೂರಿದೆ.

"ಆ ಮೂರ್ಖಿ ನಾನೇ ಅಣ್ಣಾ" ಎಂದಳು. "ನಿನ್ ಸರದಿ ಬರುತ್ತೆ ಅಂತ ಪ್ರತಿ ಸಲ ರೊಟ್ಟಿ ಸುಟ್ಟು, ಊಟದ ಬಟ್ಟೆ ದಸ್ತರ್‌ಖಾನ್ ಹಾಸಿ, ಅದರ ಮೇಲಿಟ್ಟು ಕಳಿಸ್ತಿದ್ದೆ. ವಾಪಸ್ ಬಂದಾಗ ನೋಡಿದ್ರೆ ಹಾಸಿದ ಬಟ್ಟೆ ಕಿತ್ತು ಬಿಸಾಕಿ, ರೊಟ್ಟಿನೆಲ್ಲ ನೀನು ಕೊಟ್ಟಿಗೆ ಮೇಲೆ ಎಸೆದು ಹೋಗಿರ್ತಿದ್ದೆ. ಬಸ್ ಓಡಿಸೋ ಕಾಲದಲ್ಲಿ ಇಂಜಿನ್ ನಿಲ್ಲಿಸದೆ ಬಂದ್ರೂ ಒಂದ್ ಚೂರು ಮುರಿದು ಬಾಯಿಗೆ ಹಾಕ್ಕೊಂಡೇ ಹೋಗ್ತಿದ್ದೆ. ಈಗ ಕೂತಲ್ಲೇ ಕೂತಿದ್ದೀಯ, ಒಂದ್ ಚೂರಿಗೂ ಪುರುಸೊತ್ತಿಲ್ಲ. ನಾನೇನು ತಪ್ಪು ಮಾಡ್ದೆ ಅಂತ ಈ ಚಳಿಗಾಲ ಪೂರ್ತಿ ಯೋಚ್ನೆ ಮಾಡಿದೀನಿ."

ಬಾಗಿಲಿಗೆ ಬಂದವರು ಒಂದು ಚೂರು ರೊಟ್ಟಿಯನ್ನಾದರೂ ಬಾಯಿಗೆ ಹಾಕದೆ ತಿರುಗಿ ಹೋದರೆ ಆ ಮನೆಯವರಿಗೆ ಹೇಗಾಗುತ್ತದೆಂದು ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಆದರೆ ಬಟ್ಟೆ? ನಾನು ಬಟ್ಟೆಯನ್ನು ಕಂಡೇ ಇರಲಿಲ್ಲ. ಚೊಲ್ಪೊನ್ ಹುಡುಕಿ ತೆಗೆದಳು. ಹಾಸುವ ಬಟ್ಟೆಯೂ ಒಂದು ಸೇರ್ಪಡೆಯಂತೆ. ಎರಡೂ ಕಂಪ್ಯೂಟರುಗಳಲ್ಲಿ ಇದ್ದರೆ ಮಾತ್ರ ಇಬ್ಬರಿಗೂ ಕಾಣುವುದು. ಬುರುಲ್ ಆರಂಭದಲ್ಲೇ ಅದನ್ನು ನನಗೆ ಕಳಿಸಿದ್ದಳು. ಕತ್ತಿ ಹಿಡಿದವನಿಗೆ ಹಾಸುಬಟ್ಟೆ ಯಾತಕ್ಕೆ, ವೃಥಾ ಭಾರ ಎಂದು ತಮ್ಮ ಆರೋಗ್ಯದ ಕಾಳಜಿಯಿಂದಲೇ ನಾನದನ್ನು ತೆಗೆದುಹಾಕಿದ್ದೆ. ಬಟ್ಟೆ ಮಾಯವಾಗಿ, ಮೇಲಿದ್ದ ರೊಟ್ಟಿಯಷ್ಟೇ ಬರಿಯ ನೆಲದಲ್ಲಿ ಉಳಿಯಿತು. ಬಟ್ಟೆಯ ಭಾರ ಇಳಿಸಲು ಹೋಗಿ ಒಂದು ಚಾವಣಿಯಷ್ಟು ರೊಟ್ಟಿಯನ್ನು ತಮ್ಮ ಬೆನ್ನಿಗೆ ಹೇರಿದ ಜಾಣ, ಸಾಹೇಬರೇ, ಈ ಪತ್ರ ಬರೆಯುತ್ತಿರುವವನೇ.

ಬಟ್ಟೆಯ ಸೇರ್ಪಡೆಯನ್ನು ಮತ್ತೆ ಹಾಕಿ, ಹೊಸದೊಂದನ್ನು ಗುಡಾರದಲ್ಲಿ ಹಾಸಿ, ವೀರನನ್ನು ಕೊಟ್ಟಿಗೆಯ ಮೇಲೆ ಹತ್ತಿಸಿ ರೊಟ್ಟಿಗಳನ್ನೆಲ್ಲ ಇಳಿಸಿ ತಂದೆ. ಅಳಿಸಲಿಲ್ಲ. ತಿನ್ನಿಸಿದೆ. ಒಣಗಿದ ರೊಟ್ಟಿಯನ್ನು ಅವನು ಕಟಕಟನೆ ಕಡಿಯುವ ಸದ್ದು ಮನೆ ತುಂಬ ಕೇಳುತ್ತಿತ್ತು. ಕಾಲಿಪಾ ಚಹಾ ತಂದು ಪಕ್ಕದಲ್ಲಿ ಕುಳಿತು, ಸ್ವಲ್ಪ ಹೊತ್ತು ನೋಡಿ, "ನಿಧಾನ ತಿನ್ನಪ್ಪಾ, ಯಾರೂ ಕಿತ್ಕೊಳ್ಳಲ್ಲ" ಎಂದು ಪರದೆಯೊಳಗಿನವನಿಗೆ ಹೇಳಿದಳು. ಅವನು ತಿಂದಷ್ಟೂ ತಾವು ತೆಳ್ಳಗಾದಿರಿ. ಮಧ್ಯಾಹ್ನ ತಮ್ಮನ್ನು ಕಳಿಸಿದೆ. ಒಂದೇ ಉಸಿರಿಗೆ ಘಟ್ಟ ದಾಟಿದಿರಿ.

ಸಂಜೆ ಬುರುಲ್‌ಳ ಫೋನ್ ಬಂತು.

"ಎಲ್ಲಾ ತಿಂದ್ಯಾ?"

"ಎಲ್ಲಾ."

"ಒಣಗಿರೋದೂ?"

"ಅದನ್ನೇ ಮೊದಲು."

"ಉಪ್ಪು ಜಾಸ್ತಿಯಾಗಿತ್ತಾ?" ಎಂದಳು.

"ಒಂಚೂರು" ಎಂದೆ. ಬಸ್ಸಿನ ಕಾಲದಿಂದಲೂ ಅವಳ ರೊಟ್ಟಿಗೆ ನಾನು ಹೇಳುತ್ತ ಬಂದದ್ದು ಅದನ್ನೇ. ಅವಳು ನಕ್ಕಳು, ಆಮೇಲೆ ಫೋನ್ ಇಡಲು ಬಹಳ ಹೊತ್ತು ಹಿಡಿಯಿತು.

ಆದ್ದರಿಂದ ಮಾನ್ಯರಲ್ಲಿ ನನ್ನ ಬೇಡಿಕೆಗಳು ಅಲ್ಪ. ಇನ್ನು ಮುಂದೆ ತಾವು ಹೊರಡುವ ಮುನ್ನ ನನಗೊಂದು ಮಾತು ಹೇಳಿ, ಬೇಕಾದರೆ ಚಾಲಕನ ಪಕ್ಕದ ಸೀಟನ್ನೇ ಕೊಡಿಸುತ್ತೇನೆ. ನಾನು ಅಪ್ಪಿತಪ್ಪಿ ಏನನ್ನಾದರೂ ಭಾರವೆಂದು ತೆಗೆದುಹಾಕಲು ಹೋದರೆ, ಅದು ಯಾರು ಹಾಸಿದ್ದೆಂದು ಒಮ್ಮೆ ಕೇಳಿ. ಇಷ್ಟು ನಡೆಸಿಕೊಟ್ಟರೆ ತಮ್ಮ ಹೆಸರಿನಲ್ಲಿ ಒಂದು ಬಟ್ಟಲು ಚಹಾ ಕುಡಿಯುವೆನೆಂದು ಭರವಸೆ ಕೊಡುವ,

ತಮ್ಮ ವಿಶ್ವಾಸಿ, ಹೊಟ್ಟೆ ತುಂಬಿದ
ಎಸೆನ್‌ಕುಲ್

ತಾ.ಕ.: ಅಣ್ಣನಿಗೆ ಬರೀ ರೊಟ್ಟಿ ಸಾಲದೆಂದು ಬುರುಲ್ ಈಗ ಕುದುರೆ ಮಾಂಸದ ಔತಣದ ಸೇರ್ಪಡೆ ಹಾಕಿದ್ದಾಳಂತೆ, ನೆಂಟರನ್ನೂ ಕರೆದಿದ್ದಾಳಂತೆ. ತೆಳ್ಳಗಾದೆನೆಂದು ತಾವು ಹೆಮ್ಮೆಪಡುತ್ತಿದ್ದರೆ ಆ ಹೆಮ್ಮೆಯನ್ನು ಇವತ್ತೇ ಪಟ್ಟು ಮುಗಿಸಿ. ನನ್ನ ಹಳೆಯ ಬಸ್ಸು ಎಂಥ ಹೊರೆಗೂ ಹೀಗೆ ಮುಖ ಸಿಂಡರಿಸಿದ್ದಿಲ್ಲ.